ಆಮೆ ಕಲಿಸಿದ ಲೂಪ್

ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆ ಕಲಿಯಲು ಕೂತ ಹೊಸದರಲ್ಲಿ ಲೂಪ್ (ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವ ಕೋಡ್) ಅಂದರೆ 1ರಿಂದ 10ರವರೆಗೆ ಅಂಕಿ ಪ್ರಿಂಟ್ ಮಾಡುವುದು, ಅಷ್ಟೇ. ರುಚಿ ಹತ್ತಿದ್ದು ಚಿತ್ರ ಬರೆಸುವ ಟರ್ಟಲ್ ಮಾಡ್ಯೂಲ್ ತೆರೆದ ಮೇಲೆ. ಅದು ಸಾಮಾನ್ಯವಾಗಿ ಪೈಥಾನ್ ಜೊತೆಗೇ ಬರುತ್ತದೆ. ಪರದೆ ಮೇಲೆ ಓಡಾಡುತ್ತಾ ಗೆರೆ ಎಳೆಯುವ ಈ ಆಮೆ ಲೋಗೋ ಭಾಷೆಯಿಂದ ಬಂದದ್ದು. ಸಿಮೋರ್ ಪೇಪರ್ಟ್ ಮತ್ತು ಜೊತೆಗಾರರು 1967ರಲ್ಲಿ ಮಕ್ಕಳಿಗಾಗಿ ಮಾಡಿದ ಭಾಷೆ ಅದು.

ಚೌಕವನ್ನು ಮೊದಲು ಬೇಕಂತಲೇ ಲೂಪ್ ಇಲ್ಲದೆ ಬರೆದೆ. ಫಾರ್ವರ್ಡ್ 100 (ಅಷ್ಟು ಮುಂದೆ ಹೋಗು), ಲೆಫ್ಟ್ 90 (ಅಷ್ಟು ಡಿಗ್ರಿ ಎಡಕ್ಕೆ ತಿರುಗು). ಹೀಗೆ ನಾಲ್ಕು ಸಲ, ಒಟ್ಟು ಎಂಟು ಸಾಲು. ಬರೆದು ಬೇಜಾರಾದಾಗಲೇ ಯಾವ ಎರಡು ಸಾಲು ಮತ್ತೆ ಮತ್ತೆ ಬರ್ತಿವೆ ಅನ್ನುವುದು ಕಣ್ಣಿಗೆ ಬೀಳುವುದು. ಅವೆರಡನ್ನೂ ರೇಂಜ್(4) ಇರುವ, ಅಂದರೆ ನಾಲ್ಕು ಸಲ ಓಡುವ, ಫಾರ್ ಲೂಪಿನೊಳಗೆ ಇಟ್ಟರೆ ಕೆಲಸ ಮುಗಿಯಿತು.

ನಿಜವಾದ ಮಜಾ ಇರುವುದು ತ್ರಿಕೋನದಲ್ಲಿ. ಸಮಬಾಹು ತ್ರಿಕೋನದ ಕೋನ 60 ಅಂತ ಶಾಲೆಯಲ್ಲೇ ಕಲಿತಿದ್ದೇವೆ, ಅಲ್ವಾ? ಮೂರು ಸಲ 60 ಡಿಗ್ರಿ ತಿರುಗಿಸಿ ನೋಡಿ. ಆಮೆ ಅರ್ಧ ಷಟ್ಕೋನ ಬರೆದು ನಿಂತುಬಿಡುತ್ತದೆ. ಯಾಕೆ ಅಂತ ತಿಳಿಯಲು ನಾನು ಎದ್ದು ಹಾಲ್‌ನಲ್ಲಿ ತ್ರಿಕೋನಾಕಾರವಾಗಿ ನಡೆದೆ. ಪ್ರತಿ ಮೂಲೆಯಲ್ಲೂ ಮೈ 90 ಡಿಗ್ರಿಗಿಂತ ಜಾಸ್ತಿ ಹಿಂದಕ್ಕೆ ತಿರುಗಬೇಕಾಯಿತು. 60 ಅನ್ನುವುದು ಒಳಗಿನ ಕೋನ, ಆಮೆ ತಿರುಗಬೇಕಾದ್ದು ಹೊರಗಿನ ಕೋನ, ಅಂದರೆ 120. ಮೂರು ಮೂಲೆ ಸೇರಿ 360, ಪೂರ್ತಿ ಒಂದು ಸುತ್ತು. ಅಲ್ಲಿಂದ ಮುಂದೆ ಎಲ್ಲಾ ಸಲೀಸು. ಎಷ್ಟು ಬಾಹು ಬೇಕೋ ಅಷ್ಟರಿಂದ 360ನ್ನು ಭಾಗಿಸಿದರಾಯಿತು.

ಒಂದರ ಬದಲು ಎರಡು ಸುತ್ತು ಹಾಕಿಸಿದರೆ? 720ನ್ನು 5ರಿಂದ ಭಾಗಿಸಿದರೆ 144. ಐದು ಸಲ 144 ತಿರುಗಿದರೆ ಚಂದದ ಐದು ಮೂಲೆಯ ನಕ್ಷತ್ರ! 7ರಿಂದ ಭಾಗಿಸಿದರೆ ಏಳು ಮೂಲೆಯದು. ಆದರೆ 6 ಹಾಕಿದರೆ 120 ಬರುತ್ತದೆ, ಆಮೆ ಅದೇ ತ್ರಿಕೋನದ ಮೇಲೆ ಸುಮ್ನೆ ಎರಡು ಸಲ ಓಡುತ್ತದೆ. ಆರು ಮೂಲೆಯ ನಕ್ಷತ್ರಕ್ಕೆ ಪೆನ್ ಎತ್ತಿ, ಜಾಗ ಬದಲಿಸಿ, ಇನ್ನೊಂದು ತ್ರಿಕೋನವನ್ನು ತಲೆಕೆಳಗಾಗಿ ಬರೆಯಬೇಕು.

ಲೂಪಿನೊಳಗೆ ಲೂಪ್ ಕೂಡ ಇಲ್ಲೇ ಅರ್ಥವಾಯಿತು. ಒಳಗಿನದು ಚೌಕ ಬರೆಯುತ್ತದೆ, ಹೊರಗಿನದು ಪ್ರತಿ ಚೌಕದ ನಂತರ 10 ಡಿಗ್ರಿ ತಿರುಗಿಸುತ್ತದೆ. 36 ಸಲ ಆದರೆ ದುಂಡನೆಯ ರಂಗೋಲಿ. ಆ ಲೆಫ್ಟ್ 10 ಸಾಲು ಹೊರಗಿನ ಲೂಪಿಗೆ ಸೇರುವಂತೆ ಸಾಲಿನ ಶುರುವಿನಲ್ಲಿ ಸರಿಯಾಗಿ ಜಾಗ ಬಿಟ್ಟು ಬರೆಯಬೇಕು. ಒಂದು ಹಂತ ಒಳಗೆ ಸರಿದರೆ ಪ್ರತಿ ಗೆರೆಗೂ 10 ಡಿಗ್ರಿ ಸೇರಿಕೊಂಡು ಚೌಕವೇ ಇರುವುದಿಲ್ಲ.