ಪ್ರೀಮೋಲಾರ್ ಕೀಳದೆ ಉಬ್ಬು ಹಲ್ಲು ಒಳಗೆ: ಐಜೆಡ್‌ಸಿ ಸ್ಕ್ರೂ ಜೊತೆ ನನ್ನ ಅನುಭವ

ಚನ್ನಗಿರಿ ಕಡೆಯ ಹುಡುಗಿ. ಮೇಲಿನ ಹಲ್ಲು ಉಬ್ಬು, ಕ್ಲಾಸ್ 2, ಅಂದರೆ ಕೆಳಗಿನ ಸಾಲಿಗಿಂತ ಮೇಲಿನ ಸಾಲು ಮುಂದೆ. ಮೊದಲಾಗಿದ್ದರೆ ಎರಡು ಪ್ರೀಮೋಲಾರ್ (ಕೋರೆ ಹಲ್ಲಿನ ಹಿಂದಿನ ಸಣ್ಣ ದವಡೆ ಹಲ್ಲು) ತೆಗೆಸಿಬಿಡುತ್ತಿದ್ದೆ. ಅವಳಮ್ಮ ಮಾತ್ರ "ಡಾಕ್ಟ್ರೇ, ಗಟ್ಟಿ ಹಲ್ಲು ಯಾಕೆ ಕೀಳ್ಬೇಕು?" ಅಂತ ಪಟ್ಟು ಹಿಡಿದರು. ಅಲೈನರ್ (ತಂತಿಯ ಬದಲು ಹಾಕುವ ಪಾರದರ್ಶಕ ಅಚ್ಚು) ಅಂದರೆ ಲಕ್ಷದ ಮೇಲೆ, ಅದು ಆಗದ ಮಾತು. ಐಜೆಡ್‌ಸಿ ಸ್ಕ್ರೂ, ಅಂದರೆ ಮೇಲಿನ ದವಡೆಯ ಹಿಂಭಾಗದಲ್ಲಿ ಕೆನ್ನೆ ಮೂಳೆಯ ಬುಡದ ಏಣಿಗೆ (ಇನ್‌ಫ್ರಾಜೈಗೋಮ್ಯಾಟಿಕ್ ಕ್ರೆಸ್ಟ್) ಕೂರಿಸುವ ಸಣ್ಣ ಸ್ಕ್ರೂ ಹಾಕಿ ಮೇಲಿನ ಸಾಲನ್ನೇ ಹಿಂದಕ್ಕೆ ಎಳೆಯೋಣ ಅಂದೆ. ದಾವಣಗೆರೆಯ ಜೊತೆಗಾರರು ನಂಬಲಿಲ್ಲ. "ಮೇಲಿರೋ ಸೈನಸ್‌ಗೆ (ಗಾಳಿಗೂಡಿಗೆ) ಚುಚ್ಚುತ್ತೆ, ಇಲ್ಲಾಂದ್ರೆ ವಾರಕ್ಕೇ ಬೀಳುತ್ತೆ" ಅಂದರು.

ಬಿದ್ದವು, ನಿಜ. ನಾನು ಹಾಕಿದ ಮೊದಲ ಇಪ್ಪತ್ತು ಸ್ಕ್ರೂಗಳಲ್ಲಿ ಏಳೋ ಎಂಟೋ. ಸ್ಕ್ರೂ ಒಂದಕ್ಕೆ ಸುಮಾರು 500 ರೂಪಾಯಿ. ಮತ್ತೆ ಹಾಕಿದ್ದಕ್ಕೆ ಪೇಷಂಟ್ ಹತ್ತಿರ ಕಾಸು ಕೇಳಲಿಲ್ಲ. ಕೈಯಿಂದ ಹೋದದ್ದಕ್ಕಿಂತ ಪೇಷಂಟ್ ಮುಖ ನೋಡೋದೇ ಕಷ್ಟವಾಗಿತ್ತು.

ಕಾರಣ ಸಿಕ್ಕಿದ್ದು ಬಿದ್ದುಹೋದ ಒಂದು ಸ್ಕ್ರೂವಿನಿಂದ. ಕೆನ್ನೆ ಎಳೆದು ನೋಡಿದರೆ ವಸಡು ಊದಿ ಸ್ಕ್ರೂ ತಲೆಯನ್ನೇ ಮುಚ್ಚಿತ್ತು. ಒಳಗೆ ಮಂಡಕ್ಕಿ ಪುಡಿ, ಮಿರ್ಚಿಯ ಬೀಜ. ನಾನು ತೀರಾ ಮೇಲೆ, ಅಲುಗಾಡುವ ಮ್ಯೂಕೋಸಾದಲ್ಲಿ (ಕೆನ್ನೆಯ ಕಡೆಯ ಮೆದು ಪದರ) ಹಾಕಿದ್ದೆ. ಆಮೇಲೆ ವಸಡಿನ ಗಡಿಯಲ್ಲೇ ಹಿಡಿದೆ. 2 ಮಿ.ಮೀ. ದಪ್ಪ, 12 ಮಿ.ಮೀ. ಉದ್ದದ ಸ್ಟೀಲ್. ಸ್ಕ್ರೂ ಮೂಳೆಗೆ ನೇರವಾಗಿ ಕಚ್ಚಿದ ಮೇಲೆ ನಿಧಾನ 60-70 ಡಿಗ್ರಿಗೆ ತಿರುವು. ತಲೆ ಹೊರಗೆ ಕಾಣಲೇಬೇಕು. ಮೊದಲ ವಾರ ಊತ ಬಾರದಂತೆ ಮಾಡುವುದೊಂದಿದೆ, ಅದನ್ನು ಇಲ್ಲಿ ಬರೆಯಲ್ಲ. ಕ್ಲಿನಿಕ್‌ಗೆ ಬಂದವರಿಗೆ ತೋರಿಸ್ತೀನಿ. ಕಳೆದ ನಲವತ್ತರಲ್ಲಿ ಬಿದ್ದದ್ದು ಮೂರೇ ಇರಬೇಕು.

ಹಲ್ಲಿನ ಸಾಲಿಗೆ 19×25 (ಇಂಚಿನ ಸಾವಿರದ ಲೆಕ್ಕ) ಸ್ಟೀಲ್ ವೈರ್, ಒಂದು ಕಡೆಗೆ 250-300 ಗ್ರಾಂ ಎಳೆತ. ಎಳೆಯಲು ವೈರ್‌ನಲ್ಲಿರುವ ಹುಕ್ ಮೊದಲು ಗಿಡ್ಡ ಇಟ್ಟಿದ್ದೆ. ಮುಂದಿನ ಹಲ್ಲು ಒಳಗೆ ಮಡಚಿಕೊಂಡು ಬೈಟ್ ಡೀಪ್ ಆಯ್ತು, ಅಂದರೆ ಕಚ್ಚಿದಾಗ ಮೇಲಿನ ಹಲ್ಲು ಕೆಳಗಿನದನ್ನು ತೀರಾ ಮುಚ್ಚಿತು. ಹುಕ್ ಉದ್ದ ಮಾಡಿ, ವೈರ್‌ಗೆ ಟಾರ್ಕ್ (ಹಲ್ಲಿನ ಬೇರು ತಿರುಗಿಸುವ ತಿರುಚು) ಕೊಟ್ಟ ಮೇಲೆ ಸರಿಹೋಯ್ತು.

ನಡುವೆ ಸುಮ್ನೆ ಒಂದು ಪ್ರಯೋಗ. ಹುಕ್‌ನಿಂದ ಸ್ಕ್ರೂಗೆ ಎಳೆಯಲು ಎಡಕ್ಕೆ ಪವರ್ ಚೈನ್ (ರಬ್ಬರಿನಂಥ ಸರಪಳಿ), ಬಲಕ್ಕೆ ನೈಟೈ (ನಿಕಲ್-ಟೈಟಾನಿಯಂ) ಸ್ಪ್ರಿಂಗ್. ಚೈನ್ ಬಿಗಿ ಬೇಗ ಇಳಿಯುತ್ತೆ, ಗೊತ್ತಲ್ವಾ. ಅದರ ಮೇಲೆ ಎರಡೇ ವಾರಕ್ಕೆ ಅರಿಶಿನದಿಂದ ಹಳದಿಯಾಗಿತ್ತು. ಹುಡುಗಿ ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುತ್ತಿದ್ದಳು. ಅವತ್ತಿನಿಂದ ಎರಡೂ ಕಡೆ ಸ್ಪ್ರಿಂಗೇ. ಬೆಲೆ ಜಾಸ್ತಿ, ಪರವಾಗಿಲ್ಲ.

ಹನ್ನೊಂದು ತಿಂಗಳಿಗೆ ಮೋಲಾರ್ (ದೊಡ್ಡ ದವಡೆ ಹಲ್ಲು) ಸುಮಾರು 3 ಮಿ.ಮೀ. ಹಿಂದೆ ಸರಿದು ಕ್ಲಾಸ್ 1, ಅಂದರೆ ಸರಿಯಾದ ಹೊಂದಾಣಿಕೆ, ಆಯ್ತು. ಮೇಲಿನ ಬುದ್ಧಿ ಹಲ್ಲು ಎರಡನ್ನೂ ತೆಗೆಸಬೇಕಾಯ್ತು, ಅಮ್ಮನಿಗೆ ಶುರುವಿನಲ್ಲೇ ಹೇಳಿದ್ದೆ. ಒಟ್ಟು ಬಿಲ್ 45 ಸಾವಿರದ ಒಳಗೆ.

ಈಗ ಕೆಳದವಡೆಯ ಬಕಲ್ ಶೆಲ್ಫ್‌ನಲ್ಲಿ (ದವಡೆ ಹಲ್ಲಿನ ಪಕ್ಕ, ಕೆನ್ನೆ ಕಡೆಯ ಮೂಳೆಯ ಕಟ್ಟೆ) ಸ್ಕ್ರೂ ಹಾಕಿ ಐದು ಕೇಸ್ ಶುರು ಮಾಡಿದ್ದೇನೆ. ಅಲ್ಲಿ ಊತ ಇನ್ನೂ ಜಾಸ್ತಿ. ಎರಡು ಆಗಲೇ ಸಡಿಲ.