ಹೊಸ ವೈನ್, ಹಳೇ ವೈನ್: ಮನೆಯಲ್ಲೇ ಪಕ್ಕಪಕ್ಕ ಇಟ್ಟು ರುಚಿ ನೋಡುವುದು ಹೇಗೆ?

ವೈನ್ ಹಳೆಯದಾದಷ್ಟೂ ರುಚಿ ಜಾಸ್ತಿ ಅನ್ನುವ ಮಾತನ್ನು ನಂಬಿ ಎಷ್ಟೋ ಮನೆಗಳಲ್ಲಿ ಉಡುಗೊರೆ ಬಂದ ಬಾಟಲಿ ಷೋಕೇಸಿನಲ್ಲಿ ವರ್ಷಗಟ್ಟಲೆ ಕೂತಿರುತ್ತದೆ. ಕೊನೆಗೊಂದು ದಿನ ತೆಗೆದರೆ ಬರೀ ಹುಳಿ. ಅಂಗಡಿಯಲ್ಲಿ ಸಿಗುವ ಬಹುಪಾಲು ವೈನನ್ನು ಮಾಡಿರುವುದೇ ಒಂದೆರಡು ವರ್ಷದೊಳಗೆ ಕುಡಿದು ಮುಗಿಸಲಿ ಎಂದು. ಇಟ್ಟರೆ ಮಾಗುವ ವೈನ್ ಬಹಳ ಕಡಿಮೆ. ಮಾಗಿದ ವೈನ್ ಎಲ್ಲರಿಗೂ ಹಿಡಿಸಲೇಬೇಕು ಅಂತಲೂ ಇಲ್ಲ.

ನಿಮಗೆ ಯಾವುದು ಹಿಡಿಸುತ್ತದೆ ಅಂತ ಬೇರೆಯವರನ್ನು ಕೇಳಿ ಉಪಯೋಗವಿಲ್ಲ. ಹೊಸದು, ಹಳೆಯದು ಎರಡನ್ನೂ ಒಂದೇ ಸಂಜೆ, ಒಂದೇ ಮೇಜಿನ ಮೇಲೆ, ಹೆಸರು ಕಾಣದಂತೆ ಇಟ್ಟು ನೋಡಬೇಕು. ನಾಲ್ಕೈದು ಮಂದಿ ಸೇರಿದರೆ ಖರ್ಚೂ ಹಂಚಿಹೋಗುತ್ತದೆ. 750 ಮಿಲಿಲೀಟರ್ ಬಾಟಲಿಯಲ್ಲಿ 50 ಮಿಲಿಲೀಟರಿನಂತೆ 15 ಸಲ ಸುರಿಯಬಹುದು. ರುಚಿ ನೋಡಲು ಅಷ್ಟು ಸಾಕು.

ಜೋಡಿ ಆರಿಸುವುದು

ಇಲ್ಲೇ ಹೆಚ್ಚಿನವರು ಎಡವುವುದು. ನಾಸಿಕ್‌ನ ಶಿರಾಜ್ ದ್ರಾಕ್ಷಿಯ ಹೊಸ ವೈನ್ ಒಂದು ಕಡೆ, ಫ್ರಾನ್ಸಿನ ಬೋರ್ಡೋ ಪ್ರದೇಶದ ಹತ್ತು ವರ್ಷದ ವೈನ್ ಇನ್ನೊಂದು ಕಡೆ ಇಟ್ಟರೆ ಏನೂ ಗೊತ್ತಾಗುವುದಿಲ್ಲ. ದ್ರಾಕ್ಷಿ ಬೇರೆ, ಮಣ್ಣು ಬೇರೆ, ಮಾಡಿದ ರೀತಿಯೂ ಬೇರೆ. ನಾಲಿಗೆಗೆ ಸಿಕ್ಕ ವ್ಯತ್ಯಾಸ ವಯಸ್ಸಿನದೋ ದ್ರಾಕ್ಷಿಯದೋ ಹೇಳುವುದು ಹೇಗೆ? ವಯಸ್ಸೊಂದನ್ನು ಬಿಟ್ಟು ಉಳಿದದ್ದೆಲ್ಲ ಆದಷ್ಟೂ ಒಂದೇ ಇರಬೇಕು.

ನನ್ನ ಪ್ರಕಾರ ಇದಕ್ಕೆ ಸುಲಭದ ಜೋಡಿ ಸಿಗುವುದು ಸ್ಪೇನಿನ ರಿಯೋಹಾದಲ್ಲಿ. ಅಲ್ಲಿ ವೈನನ್ನು ಇಷ್ಟು ಕಾಲ ಇಟ್ಟೇ ಮಾರಬೇಕು ಅಂತ ನಿಯಮವಿದೆ. ಕೆಂಪು ವೈನಿಗೆ 'ಕ್ರಿಯಾನ್ಸಾ' ಎಂಬ ಹೆಸರು ಬೇಕಾದರೆ ಕನಿಷ್ಠ 2 ವರ್ಷ, 'ರಿಸರ್ವಾ' ಎನ್ನಲು 3 ವರ್ಷ, 'ಗ್ರಾನ್ ರಿಸರ್ವಾ' ಎನ್ನಲು 5 ವರ್ಷ ಕಾಯಬೇಕು. ಅದರಲ್ಲಿ ಒಂದಷ್ಟು ಕಾಲ ಓಕ್ ಮರದ ಪೀಪಾಯಿಯಲ್ಲಿ ಕಳೆಯಲೇಬೇಕು. ಮುಖ್ಯ ದ್ರಾಕ್ಷಿ ಎಲ್ಲಕ್ಕೂ ಟೆಂಪ್ರನಿಯೋ. ಒಂದೇ ಕಂಪನಿಯ ಕ್ರಿಯಾನ್ಸಾ ಮತ್ತು ಗ್ರಾನ್ ರಿಸರ್ವಾ ತಂದರೆ ಆಯಿತು. ನೆಲಮಾಳಿಗೆಯಲ್ಲಿಟ್ಟು ಕಾಯುವ ಕೆಲಸವನ್ನು ಅವರೇ ಮುಗಿಸಿ ಕೊಟ್ಟಿರುತ್ತಾರೆ. ವಿದೇಶದಿಂದ ಬರುವ ನೆಂಟರಿದ್ದರೆ ಇನ್ನೂ ಒಳ್ಳೆಯದು. ಭಾರತಕ್ಕೆ ಬರುವ ಪ್ರಯಾಣಿಕರು 2 ಲೀಟರ್‌ವರೆಗೆ ಸುಂಕವಿಲ್ಲದೆ ತರಬಹುದು. ಅಂದರೆ ಎರಡು ಬಾಟಲಿ ಆರಾಮಾಗಿ.

ನಮ್ಮ ಕಡೆಯದೇ ಬೇಕೆಂದರೆ ನಂದಿ ಬೆಟ್ಟದ ತಪ್ಪಲಿನ ಗ್ರೋವರ್ ಅವರ 'ಲಾ ರಿಸರ್ವ್' ಇದೆ. ಕ್ಯಾಬರ್ನೆ ಸೊವಿನ್ಯೊ ಮತ್ತು ಶಿರಾಜ್ ದ್ರಾಕ್ಷಿ ಸೇರಿಸಿ, ಓಕ್‌ನಲ್ಲಿ ಇಟ್ಟು ಮಾಡಿದ್ದು. ಸೊಲ್ಲಾಪುರದ ಅಕ್ಲೂಜ್ ಕಡೆಯ ಫ್ರಾಟೆಲ್ಲಿಯವರ 'ಸೆಟ್ಟೆ'ಯೂ ಕೆಲವು ವರ್ಷ ತಾಳುವಂಥದ್ದು. ಇವುಗಳ ಬೇರೆ ಬೇರೆ ವರ್ಷದ ಬಾಟಲಿಗಳು ಅಂಗಡಿಯ ಕಪಾಟಿನಲ್ಲಿ ಒಟ್ಟಿಗೇ ಸಿಗುವುದುಂಟು. ಹಳೆಯದು ಬಿಸಿಲು ಬೀಳುವ ಕಡೆ, ಉರಿಯುವ ದೀಪದ ಕೆಳಗೆ ನಿಂತಿದ್ದರೆ ಮಾತ್ರ ಮುಟ್ಟಬೇಡಿ.

ಬಾಟಲಿ ಮೇಲಿನ ಇಸವಿ ದ್ರಾಕ್ಷಿ ಕೊಯ್ದ ವರ್ಷದ್ದು, ಬಾಟಲಿಗೆ ತುಂಬಿದ್ದಲ್ಲ. ನಮ್ಮಲ್ಲಿ ಕೊಯ್ಲು ವರ್ಷದ ಮೊದಲ ತಿಂಗಳುಗಳಲ್ಲೇ ಮುಗಿಯುತ್ತದೆ. ಯುರೋಪಿನಲ್ಲಿ ಸೆಪ್ಟೆಂಬರ್, ಅಕ್ಟೋಬರ್ ಆಗುತ್ತದೆ. ಒಂದೇ ಇಸವಿ ಇದ್ದರೂ ನಮ್ಮ ವೈನ್ ಅರ್ಧ ವರ್ಷ ದೊಡ್ಡದು.

ಇನ್ನು ನಮ್ಮೂರಿನ ಸಿಹಿ 'ಪೋರ್ಟ್', ಕೊಡಗಿನ ಮನೆವೈನ್, ಮಂಗಳೂರಿನ ಕ್ರಿಸ್‌ಮಸ್ ವೈನ್ ಇವೆಲ್ಲ ಚೆನ್ನಾಗಿಯೇ ಇರುತ್ತವೆ. ಈ ಹೋಲಿಕೆಗೆ ಮಾತ್ರ ಬೇಡ. ಸಿಹಿ ಎಲ್ಲವನ್ನೂ ಮುಚ್ಚಿಬಿಡುತ್ತದೆ.

ಹಿಂದಿನ ದಿನದ ಕೆಲಸ

ಹಳೇ ಬಾಟಲಿಯನ್ನು ಒಂದು ದಿನ ಮೊದಲೇ ನೆಟ್ಟಗೆ ನಿಲ್ಲಿಸಿ. ವರ್ಷ ಕಳೆದಂತೆ ಬಣ್ಣ ಮತ್ತು ಒಗರಿನ ಅಂಶ ಒಂದಕ್ಕೊಂದು ಅಂಟಿ, ಭಾರವಾಗಿ ತಳಕ್ಕೆ ಇಳಿದಿರುತ್ತದೆ. ಆ ಗಸಿಯಿಂದ ಅಪಾಯವಿಲ್ಲ, ಆದರೆ ಬಾಯಿಗೆ ಸಿಕ್ಕರೆ ಕಹಿ.

ಕೆಂಪು ವೈನನ್ನು 'ರೂಮ್ ಟೆಂಪರೇಚರ್'ನಲ್ಲಿ ಕೊಡಬೇಕು ಅಂತಾರಲ್ಲ, ಅದು ಹಳೇ ಕಾಲದ ಯುರೋಪಿನ ತಣ್ಣನೆ ಮನೆಗಳ ಲೆಕ್ಕ. ಬೇಕಾಗಿರುವುದು 16ರಿಂದ 18 ಡಿಗ್ರಿ. ಏಪ್ರಿಲ್ ತಿಂಗಳ ಬೆಂಗಳೂರಿನ ರೂಮು 30ರ ಹತ್ತಿರ ಇರುತ್ತದೆ, ಕಲಬುರಗಿ ಕಡೆಯದಂತೂ ಕೇಳಲೇಬೇಡಿ. ಒಂದೂವರೆಯಿಂದ ಎರಡು ಗಂಟೆ ಫ್ರಿಜ್ಜಿನಲ್ಲಿಟ್ಟು ತೆಗೆಯಿರಿ. ಎರಡೂ ಬಾಟಲಿ ಒಂದೇ ತಂಪಿನಲ್ಲಿರಲಿ. ಬಿಸಿಯಾದ ವೈನಿನಲ್ಲಿ ಮದ್ಯದ ಘಾಟು ಮುಂದೆ ಬರುತ್ತದೆ, ತೀರಾ ತಣ್ಣಗಾದದ್ದರಲ್ಲಿ ಒಗರು ಎದ್ದು ಕಾಣುತ್ತದೆ, ವಾಸನೆ ಅಡಗುತ್ತದೆ. ಒಂದು ಬೆಚ್ಚಗೆ ಒಂದು ತಣ್ಣಗೆ ಇದ್ದರೆ ಹೋಲಿಕೆ ಕೆಟ್ಟಂತೆ.

ಲೋಟಗಳು ಎಲ್ಲ ಒಂದೇ ಬಗೆಯವು ಇರಲಿ. ಹೊಟ್ಟೆ ಅಗಲ, ಬಾಯಿ ಸ್ವಲ್ಪ ಕಿರಿದಾದ ಗಾಜಿನ ಲೋಟ ಸಾಕು. ಸಾಬೂನಿನ ವಾಸನೆ ಉಳಿಯದಂತೆ ತೊಳೆದಿಡಿ.

ಮನೆಯ ವಾಸನೆ ಇನ್ನೂ ಮುಖ್ಯ. ಸಂಜೆ ದೀಪ ಹಚ್ಚಿ ಊದುಬತ್ತಿ ಇಡುವ ಮನೆಯಾದರೆ ಅವತ್ತು ದೇವರ ಕೋಣೆಯ ಬಾಗಿಲು ಮುಂದೆ ಮಾಡಿ. ಇಂಗಿನ ಒಗ್ಗರಣೆ, ಮಲ್ಲಿಗೆ, ಸೆಂಟು ಯಾವುದೂ ಸುತ್ತಮುತ್ತ ಬೇಡ. ರುಚಿ ನೋಡುವ ಅರ್ಧ ಗಂಟೆ ಮೊದಲಿಂದ ಕಾಫಿ, ಎಲೆಅಡಿಕೆ ಬೇಡ. ಮಧ್ಯೆ ಬಾಯಿ ತೊಳೆಯಲು ನೀರು, ಉಪ್ಪು ಖಾರ ಇಲ್ಲದ ಬ್ರೆಡ್ಡು ಇರಲಿ. ಚೀಸ್ ಕೊನೆಗೆ. ಚೀಸ್ ಜೊತೆ ಸುಮಾರಾದ ವೈನೂ ಚೆನ್ನಾಗಿ ಕಾಣುತ್ತದೆ.

ತೆರೆಯುವುದು, ಸುರಿಯುವುದು

ಹೊಸ ವೈನಿಗೆ ಗಾಳಿ ಬೇಕು. ಒಂದು ಗಂಟೆ ಮೊದಲೇ ಜಗ್ಗಿಗೆ ಸುರಿದಿಟ್ಟರೆ ಬಿಗಿ ಸಡಿಲವಾಗುತ್ತದೆ. ಹಳೆಯದಕ್ಕೆ ಗಾಳಿ ಜಾಸ್ತಿ ತಾಗಿದರೆ ಇದ್ದ ಪರಿಮಳವೂ ಹಾರಿಹೋಗುತ್ತದೆ. ಅದನ್ನು ಕೊನೇ ಗಳಿಗೆಯಲ್ಲಿ ತೆರೆಯಿರಿ. ಹಳೇ ಕಾರ್ಕು ಮುರಿದು ಒಳಗೆ ಬಿದ್ದರೆ ಚಹಾ ಸೋಸುವ ಸ್ಟೀಲ್ ಜರಡಿ ಹಿಡಿಯಿರಿ. ಕಾಫಿ ಸೋಸುವ ಬಟ್ಟೆ ಮಾತ್ರ ಬೇಡ, ಆಮೇಲೆ ಎಲ್ಲದರಲ್ಲೂ ಕಾಫಿಯೇ ಸಿಗುತ್ತದೆ. ಬಾಟಲಿಯ ಕುತ್ತಿಗೆಯ ಹಿಂದೆ ಮೊಬೈಲ್ ಟಾರ್ಚ್ ಇಟ್ಟುಕೊಂಡು ನಿಧಾನವಾಗಿ ಬಗ್ಗಿಸಿ. ಗಸಿ ಕುತ್ತಿಗೆಗೆ ಬಂದದ್ದು ಕಂಡ ಕೂಡಲೇ ನಿಲ್ಲಿಸಿ.

ಈಗ ಹೆಸರು ಮರೆಮಾಡಬೇಕು. ಆಟದಲ್ಲಿ ಇಲ್ಲದ ಒಬ್ಬರು ಒಳಗೆ ಹೋಗಿ ಲೋಟಗಳಿಗೆ ಸುರಿದು, ಅಡಿಯಲ್ಲಿ ನಂಬರ್ ಚೀಟಿ ಅಂಟಿಸಿ ತರಲಿ. ಎರಡು ಲೋಟ ಅಲ್ಲ, ಮೂರು. ಎರಡರಲ್ಲಿ ಒಂದೇ ವೈನ್, ಮೂರನೆಯದರಲ್ಲಿ ಬೇರೆ. ಬೇರೆಯದು ಯಾವುದು ಅಂತ ಹೇಳಬೇಕು. ಸುಮ್ನೆ ಊಹಿಸಿದರೂ ಮೂರಕ್ಕೆ ಒಂದು ಸಲ ಸರಿಯಾಗುತ್ತದೆ, ಹಾಗಾಗಿ ಲೋಟ ಅದಲುಬದಲು ಮಾಡಿ ಮತ್ತೆ ಮತ್ತೆ ನೋಡಿ. ಸತತ ಮೂರು ಸಲ ಸರಿ ಹೇಳಿದರೆ ಊಹೆ ಅನ್ನಲಾಗದು, ಆ ಅದೃಷ್ಟ 27ಕ್ಕೆ ಒಂದು. ಎಷ್ಟು ಸಲ ನೋಡಿದರೂ ಗೊತ್ತಾಗದಿದ್ದರೆ ಬೇಸರ ಬೇಡ. ಇನ್ನು ಮುಂದೆ ಅಗ್ಗದ್ದನ್ನೇ ಕೊಳ್ಳಬಹುದು, ದುಡ್ಡು ಉಳಿಯಿತು.

ಮೂಗು ಮೊದಲು, ಕಣ್ಣು ಆಮೇಲೆ

ಪುಸ್ತಕಗಳಲ್ಲಿ ಬಣ್ಣ, ವಾಸನೆ, ರುಚಿ ಅಂತ ಕ್ರಮ ಇರುತ್ತದೆ. ವಯಸ್ಸು ಹೋಲಿಸುವಾಗ ನಾನು ಇದನ್ನು ಒಪ್ಪುವುದಿಲ್ಲ. ಹಳೇ ಕೆಂಪು ವೈನ್ ನೋಡಿದ ಕೂಡಲೇ ವಯಸ್ಸು ಗೊತ್ತಾಗಿಬಿಡುತ್ತದೆ. ಗೊತ್ತಾದ ಮೇಲೆ ಮೂಗು ಕಣ್ಣಿನ ಮಾತು ಕೇಳುತ್ತದೆ. 2001ರಲ್ಲಿ ಪ್ರಕಟವಾದ ಬೋರ್ಡೋದ ಒಂದು ಪ್ರಯೋಗದಲ್ಲಿ ವೈನ್ ಶಾಸ್ತ್ರ ಓದುವ 54 ವಿದ್ಯಾರ್ಥಿಗಳಿಗೆ ಬಿಳಿ ವೈನಿಗೇ ವಾಸನೆಯಿಲ್ಲದ ಕೆಂಪು ಬಣ್ಣ ಬೆರೆಸಿ ಕೊಟ್ಟರು. ಅವರು ಅದನ್ನು ವರ್ಣಿಸಿದ್ದು ಕೆಂಪು ವೈನಿಗೆ ಬಳಸುವ ಮಾತುಗಳಲ್ಲಿ. ಕಲಿತವರ ಕಥೆಯೇ ಹೀಗಾದರೆ ನಮ್ಮದೇನು, ಅಲ್ವಾ?

ಹಾಗಾಗಿ ಕಣ್ಣು ಮುಚ್ಚಿಕೊಂಡು ಮೂರೂ ಲೋಟ ಮೂಸಿ. ಯಾವುದನ್ನೂ ಇನ್ನೂ ಕುಡಿಯಬೇಡಿ. ಲೋಟ ತಿರುಗಿಸಿ ಇನ್ನೊಮ್ಮೆ ಮೂಸಿ. ಸಿಕ್ಕಿದ್ದನ್ನು ಆಗಲೇ ಬರೆದುಕೊಳ್ಳಿ, ಪಕ್ಕದವರಿಗೆ ಹೇಳಬೇಡಿ. ಒಬ್ಬರು 'ಚಾಕೊಲೇಟ್' ಅಂದರೆ ಎಲ್ಲರಿಗೂ ಚಾಕೊಲೇಟ್ ಸಿಗಲು ಶುರುವಾಗುತ್ತದೆ. ವಿದೇಶಿ ಹಣ್ಣುಗಳ ಹೆಸರು ಹುಡುಕುವ ಕಷ್ಟವೂ ಬೇಡ. ನೇರಳೆ, ಲವಂಗ, ಕಾಳುಮೆಣಸು, ಖರ್ಜೂರ, ಒಣದ್ರಾಕ್ಷಿ, ಹೊಗೆಸೊಪ್ಪು ನಮಗೆ ಗೊತ್ತಿರುವ ವಾಸನೆಗಳೇ. ಹೊಸದರಲ್ಲಿ ತಾಜಾ ಹಣ್ಣು ಮುಂದೆ ಇರುತ್ತದೆ. ಹಳೆಯದರಲ್ಲಿ ಅದು ಒಣಹಣ್ಣಿನ ಕಡೆ ತಿರುಗಿ, ಚರ್ಮ, ಅಣಬೆ, ಒಣ ಎಲೆಯ ವಾಸನೆ ಬಂದು ಸೇರುತ್ತದೆ. ರಿಯೋಹಾದಲ್ಲಿ ಮೊದಲಿನಿಂದಲೂ ಅಮೆರಿಕದ ಓಕ್ ಬಳಕೆ ಜಾಸ್ತಿ. ವೆನಿಲಾ, ಕೊಬ್ಬರಿ ಸಿಕ್ಕರೆ ಅದು ಪೀಪಾಯಿಯ ಕೊಡುಗೆ.

ಆಮೇಲೆ ಬಾಯಿಗೆ. ಒಂದು ಗುಟುಕು ತೆಗೆದುಕೊಂಡು ಬಾಯೆಲ್ಲ ಆಡಿಸಿ. ಹುಳಿಯನ್ನು ನಾಲಿಗೆಯ ಪಕ್ಕ ಊರುವ ನೀರಿನಿಂದ ಅಳೆಯಬಹುದು. ಒಗರು ಒಸಡಿಗೆ ಗೊತ್ತಾಗುತ್ತದೆ. ಎಳೆ ಬಾಳೆಕಾಯಿ ಕಚ್ಚಿದಂತೆ ಬಾಯಿ ಒಣಗುವುದೇ ಟ್ಯಾನಿನ್, ಅದು ಎಂಜಲಿನ ಪ್ರೋಟೀನಿಗೆ ಅಂಟಿಕೊಳ್ಳುವುದರಿಂದ ಹಾಗಾಗುತ್ತದೆ. ಹಳೆಯದರಲ್ಲಿ ಈ ಒಗರು ಮೆತ್ತಗಾಗಿರಬೇಕು. ಕೊನೆಗೆ ಉಗುಳಿ, ರುಚಿ ಎಷ್ಟು ಸೆಕೆಂಡು ಉಳಿಯುತ್ತದೆ ಎಣಿಸಿ. ಉಗುಳುವುದಾ ಅಂತ ಮುಖ ಸಿಂಡರಿಸಬೇಡಿ. ಈ ಕಸುಬಿನವರೆಲ್ಲ ಉಗುಳುತ್ತಾರೆ, ಒಂದು ಸ್ಟೀಲ್ ಚೊಂಬು ಇಟ್ಟರಾಯಿತು. ಉಗುಳಿದರೂ ಒಂದಿಷ್ಟು ಒಳಗೆ ಹೋಗಿರುತ್ತದೆ. ಗಾಡಿ ಓಡಿಸಬೇಕಾದವರು ಮೂಸುವುದಕ್ಕೇ ನಿಲ್ಲಿಸಲಿ.

ಬಣ್ಣ ಕೊನೆಗೆ. ಬಿಳಿ ಹಾಳೆಯ ಮೇಲೆ ಲೋಟ ಓರೆ ಮಾಡಿ ಅಂಚು ನೋಡಿ. ಎಳೆಯದು ನೇರಳೆ ಛಾಯೆಯ ಕೆಂಪು. ವಯಸ್ಸಾದಂತೆ ಅಂಚು ಇಟ್ಟಿಗೆ ಬಣ್ಣಕ್ಕೆ, ಆಮೇಲೆ ಕಂದಿಗೆ ತಿರುಗುತ್ತದೆ. ಬಿಳಿ ವೈನಿನದು ಉಲ್ಟಾ, ಅದು ವರ್ಷ ಕಳೆದಂತೆ ಗಾಢವಾಗುತ್ತದೆ.

ಮಾಗಿದ್ದೋ ಕೆಟ್ಟಿದ್ದೋ?

ಇದನ್ನು ಬೇರೆ ಮಾಡಿ ನೋಡಲು ಬಾರದಿದ್ದರೆ ಕೆಟ್ಟ ಬಾಟಲಿ ಕುಡಿದು 'ಹಳೇ ವೈನೇ ಹೀಗೆ' ಅಂತ ತೀರ್ಮಾನಿಸುವ ಅಪಾಯವಿದೆ. ಒದ್ದೆ ರಟ್ಟಿನ ವಾಸನೆ ಬಂದರೆ ಅದು ಕಾರ್ಕಿನ ದೋಷ. ವಿನೆಗರ್ ಅಥವಾ ಕೊಯ್ದಿಟ್ಟು ಕಂದಿದ ಸೇಬಿನ ವಾಸನೆ ಬಂದರೆ ಗಾಳಿ ಹೊಕ್ಕಿದೆ. ಕಾರ್ಕು ಮೇಲೆದ್ದು, ಕುತ್ತಿಗೆಯಲ್ಲಿ ಸೋರಿದ ಕಲೆ ಇದ್ದು, ಹಣ್ಣು ಬೆಂದಂಥ ರುಚಿ ಇದ್ದರೆ ಸೆಕೆ ತಿಂದಿದೆ. ನಮ್ಮ ಊರುಗಳಲ್ಲಿ ಈ ಮೂರನೆಯದೇ ಹೆಚ್ಚು.

ನೀವೇ ಇಟ್ಟು ಮಾಗಿಸುವ ಆಸೆ ಇದ್ದರೆ ಬೇಕಾದದ್ದು 12ರಿಂದ 14 ಡಿಗ್ರಿಯ, ಏರಿಳಿತವಿಲ್ಲದ ಕತ್ತಲೆ ಜಾಗ. ಕಾರ್ಕು ಒಣಗದಂತೆ ಬಾಟಲಿ ಮಲಗಿರಬೇಕು. ಅಟ್ಟ, ಅಡುಗೆಮನೆ, ಫ್ರಿಜ್ಜಿನ ತಲೆ ಇವು ಅತಿ ಕೆಟ್ಟ ಜಾಗಗಳು. ವೈನ್ ಫ್ರಿಜ್ ಇಲ್ಲದೆ ನಮ್ಮ ಸೆಕೆಯಲ್ಲಿ ಐದಾರು ವರ್ಷ ಇಡುವ ಸಾಹಸ ನಾನಂತೂ ಹೇಳುವುದಿಲ್ಲ.

ಯಾವ ವೈನ್ ತಾಳುತ್ತದೆ ಅನ್ನುವುದರಲ್ಲಿ ದೊಡ್ಡವರೂ ತಪ್ಪಿದ್ದಾರೆ. 1976ರ ಮೇ 24ರಂದು ಪ್ಯಾರಿಸಿನಲ್ಲಿ ವೈನ್ ವ್ಯಾಪಾರಿ ಸ್ಟೀವನ್ ಸ್ಪರಿಯರ್ ಏರ್ಪಡಿಸಿದ್ದ ಹೆಸರು ಮರೆಮಾಡಿದ ಪಂದ್ಯದಲ್ಲಿ ಕ್ಯಾಲಿಫೋರ್ನಿಯಾದ ಸ್ಟ್ಯಾಗ್ಸ್ ಲೀಪ್ 1973, ಬೋರ್ಡೋದ ದೊಡ್ಡ ಹೆಸರುಗಳನ್ನು ಸೋಲಿಸಿತು. ಅಮೆರಿಕದ ವೈನ್ ಎಳೆಯದಿದ್ದಾಗ ಸರಿ, ಮಾಗುವುದು ನಮ್ಮದೇ ಎಂದು ಫ್ರೆಂಚರ ಕಡೆಯಿಂದ ವಾದ ಬಂತು. 2006ರಲ್ಲಿ ಅವೇ ಕೆಂಪು ವೈನುಗಳನ್ನು ಮತ್ತೆ ತೆರೆದರು. ಮೊದಲ ಐದೂ ಸ್ಥಾನ ಕ್ಯಾಲಿಫೋರ್ನಿಯಾಕ್ಕೇ. ಗೆದ್ದದ್ದು ರಿಜ್ ಮಾಂಟೆ ಬೆಲ್ಲೊ 1971.

ಎಲ್ಲ ಬರೆದಾದ ಮೇಲೆ ಚೀಟಿ ತೆಗೆದು ಯಾವುದು ಯಾವುದು ಅಂತ ನೋಡಿ. ಉಳಿದದ್ದನ್ನು ಚೆಲ್ಲಬೇಡಿ. ಬಿರಡೆ ಹಾಕಿ ಫ್ರಿಜ್ಜಿನಲ್ಲಿಡಿ. ಮರುದಿನ ಅರ್ಧ ಗಂಟೆ ಹೊರಗಿಟ್ಟು, ಎರಡನ್ನೂ ಒಂದೊಂದು ಗುಟುಕು ನೋಡಿ ಹಿಂದಿನ ದಿನದ ಚೀಟಿಯ ಪಕ್ಕ ಬರೆಯಿರಿ. ಹಳೆಯದು ಸಾಮಾನ್ಯವಾಗಿ ಸಪ್ಪೆಯಾಗಿರುತ್ತದೆ. ಹೊಸದು ಮರುದಿನವೂ ಗಟ್ಟಿಯಾಗಿ ನಿಂತು, ಇನ್ನೂ ಮೆತ್ತಗಾಗಿ ಚೆನ್ನಾಗಿದ್ದರೆ ಅಂಥದ್ದೇ ಇನ್ನೊಂದು ಬಾಟಲಿ ತಂದು ಒಂದೆರಡು ವರ್ಷ ಇಟ್ಟು ನೋಡಲು ಅಡ್ಡಿಯಿಲ್ಲ.