ಕ್ರಿಲ್ ಅಳೆಯುವ ಕೆಲಸ: ನನ್ನ ಅನುಭವ

ಅಂಟಾರ್ಕ್ಟಿಕ ಪರ್ಯಾಯದ್ವೀಪದ ಉತ್ತರಕ್ಕಿರುವ ಎಲಿಫೆಂಟ್ ದ್ವೀಪದ ಸುತ್ತಲಿನ ಕಡಲಿನಲ್ಲಿ, ಸಂಶೋಧನಾ ಹಡಗಿನ ಮೇಲೆ ನನಗೆ ವಹಿಸಿದ್ದ ಕೆಲಸ ಕೇಳುವುದಕ್ಕೆ ಸರಳವಾಗಿತ್ತು. ಬಲೆಗೆ ಬಿದ್ದ ಕ್ರಿಲ್‌ಗಳಲ್ಲಿ (ಸಿಗಡಿಯನ್ನು ಹೋಲುವ ಪುಟ್ಟ ಕಡಲಜೀವಿಗಳು) 150ನ್ನು ಹೆಕ್ಕದೆ, ಕೈಗೆ ಬಂದಂತೆ ಎತ್ತಿಕೊಂಡು ಒಂದೊಂದರ ಉದ್ದವನ್ನೂ ಲಿಂಗವನ್ನೂ ಬರೆದಿಡಬೇಕಿತ್ತು. 'ಹೆಕ್ಕದೆ' ಎಂಬುದೇ ಕಷ್ಟದ ಮಾತು, ಏಕೆಂದರೆ ದೊಡ್ಡದರ ಕಡೆಗೇ ಕೈ ಹೋಗುತ್ತದೆ.

ಬಲೆಯನ್ನು 200 ಮೀಟರ್ ಆಳದವರೆಗೆ ಇಳಿಸಿ ಓರೆಯಾಗಿ ಮೇಲಕ್ಕೆ ಎಳೆಯುತ್ತಿದ್ದೆವು. ಮೊದಲ ದಿನಗಳಲ್ಲಿ ಒಂದು ತಟ್ಟೆಯನ್ನು ಪಾಳಿಯ ಕೊನೆಗೆ ನೋಡಿದರಾಯಿತೆಂದು ಬದಿಗಿಟ್ಟು ಕೆಟ್ಟೆ. ಸತ್ತ ಕ್ರಿಲ್‌ನ ಜೀರ್ಣರಸಗಳು ಅದರ ದೇಹವನ್ನೇ ಕರಗಿಸತೊಡಗುವುದರಿಂದ, ಗಾಜಿನಂತೆ ಪಾರದರ್ಶಕವಾಗಿದ್ದ ಮೈ ಕೆಲವೇ ಗಂಟೆಗಳಲ್ಲಿ ಮೆತ್ತಗಾಗಿ, ಚಿಮಟದಲ್ಲಿ ಹಿಡಿದರೆ ತಲೆಯೇ ಕಳಚಿ ಬರುವಂತಾಗಿತ್ತು. ಆ ತಟ್ಟೆಯನ್ನು ಲೆಕ್ಕದಿಂದ ಕೈಬಿಟ್ಟೆ. ಆಮೇಲೆ ತಣ್ಣನೆಯ ಕಡಲನೀರಿನಿಂದ ಹತ್ತು ಹತ್ತರಂತೆ ಮಾತ್ರ ಹೊರತೆಗೆಯುವುದನ್ನು ರೂಢಿಸಿಕೊಂಡೆ.

ಗ್ರಾಫ್ ಹಾಳೆಯ ಮೇಲೆ ಮಲಗಿಸಿ, ಬಾಗಿದ ಹೊಟ್ಟೆಯನ್ನು ಬೆರಳಿನಿಂದ ನೇರ ಮಾಡಿ, ಕಣ್ಣಿನ ಮುಂದಿನ ಅಂಚಿನಿಂದ ಬಾಲದ ನಡುಮುಳ್ಳಿನ ತುದಿಯವರೆಗೆ ಅಳೆಯುತ್ತಿದ್ದೆ; ತುದಿಯ ರೋಮಗಳು ಲೆಕ್ಕಕ್ಕಿಲ್ಲ. ಕೆಲವರು ಕಣ್ಣಿನ ಹಿಂಬದಿಯಿಂದ ಅಳೆಯುವುದರಿಂದ, ಯಾವ ವಿಧಾನವೆಂದು ಪುಟದ ಮೇಲೆಯೇ ಬರೆಯುವುದು ಒಳ್ಳೆಯದು. ನೋಡಲು ಸಿಗಡಿಯಂತಿದ್ದರೂ ಒಂದು ವ್ಯತ್ಯಾಸ ಕಾಣುತ್ತದೆ: ಸಿಗಡಿಯ ಕಿವಿರುಗಳು ಬೆನ್ನಿನ ಕವಚದೊಳಗೆ ಅಡಗಿರುತ್ತವೆ, ಕ್ರಿಲ್‌ನವು ಕಾಲುಗಳ ಬುಡದಲ್ಲಿ ಬಯಲಾಗಿಯೇ ಇರುತ್ತವೆ. ಸಸ್ಯಪ್ಲವಕ (ನೀರಿನಲ್ಲಿ ತೇಲುವ ಸೂಕ್ಷ್ಮ ಪಾಚಿ) ತಿಂದು ಬಂದದ್ದಾದರೆ ಕವಚದ ಕೆಳಗೆ ಹಸಿರು ಚುಕ್ಕೆಯೊಂದು ಹೊಳೆಯುತ್ತದೆ.

ಉದ್ದ ಗೊತ್ತಾದರೆ ವಯಸ್ಸೂ ಗೊತ್ತಾಯಿತೆಂದು ನಾನು ನಂಬಿದ್ದೆ. ಆ ನಂಬಿಕೆಯನ್ನು ಅಲುಗಿಸಿದ್ದು ಜಾಡಿಗಳು. ನೂರಾರು ಜೀವಂತ ಕ್ರಿಲ್‌ಗಳನ್ನು ಜಾಡಿಗೊಂದರಂತೆ ಬಿಡಿಯಾಗಿರಿಸಿ, ನಾಲ್ಕೈದು ದಿನ ಪ್ರತಿ ಬೆಳಿಗ್ಗೆ ಯಾವುದು ಪೊರೆ ಕಳಚಿದೆಯೆಂದು ನೋಡುತ್ತಿದ್ದೆವು. ತೇಲುತ್ತಿದ್ದ ಖಾಲಿ ಪೊರೆಯ ಬಾಲದ ಬೀಸಣಿಗೆಯನ್ನು ಸೂಕ್ಷ್ಮದರ್ಶಕದಡಿ ಅಳೆದು, ಅದೇ ಪ್ರಾಣಿಯ ಹೊಸ ಬಾಲದೊಂದಿಗೆ ಹೋಲಿಸಿದಾಗ ಆ ಒಂದು ಪೊರೆಯಲ್ಲಿ ಆದ ಬೆಳವಣಿಗೆ ಸಿಗುತ್ತದೆ. ಕೆಲವು ಜಾಡಿಗಳಲ್ಲಿ ಹೊಸ ಬಾಲ ಹಳೆಯದಕ್ಕಿಂತ ಚಿಕ್ಕದಿತ್ತು. ನಾನು ತಪ್ಪು ಓದಿದೆನೆಂದುಕೊಂಡು ಎರಡು ಬಾರಿ ಮತ್ತೆ ಅಳೆದೆ.

ತಪ್ಪಾಗಿರಲಿಲ್ಲ. ಹೊಟ್ಟೆಗಿಲ್ಲದಾಗ ಕ್ರಿಲ್ ಪೊರೆ ಕಳಚುವುದನ್ನು ನಿಲ್ಲಿಸುವುದಿಲ್ಲ, ತನ್ನ ಮೈಯನ್ನೇ ಇಂಧನವಾಗಿಸಿಕೊಂಡು ಪೊರೆಯಿಂದ ಪೊರೆಗೆ ಕುಗ್ಗುತ್ತದೆ. ಪ್ರಯೋಗಾಲಯದಲ್ಲಿ 211 ದಿನ ಉಪವಾಸವಿದ್ದೂ ಬದುಕಿದ ದಾಖಲೆಯಿದೆ. ಹಾಗಾಗಿ 40 ಮಿಲಿಮೀಟರ್‌ನ ಕ್ರಿಲ್ ಬೆಳೆಯುತ್ತಿರುವ ಎಳೆಯದೂ ಆಗಿರಬಹುದು, ಚಳಿಗಾಲದಲ್ಲಿ ಸೊರಗಿದ ಹಳೆಯದೂ ಆಗಿರಬಹುದು. ಮೈ ಕುಗ್ಗಿದಷ್ಟು ಕಣ್ಣು ಕುಗ್ಗುವುದಿಲ್ಲವೆಂದು ತಿಳಿದ ಮೇಲೆ, ನನ್ನ ಹಾಳೆಯಲ್ಲಿ ಕಣ್ಣಿನ ವ್ಯಾಸಕ್ಕೆಂದು ಇನ್ನೊಂದು ಅಂಕಣ ಎಳೆದೆ.